ನೇಲ್‌ಪಾಲಿಶಿನ ಗೆರೆಯವರೆಗೆ

ಠಾಣೆ ಸ್ಟೇಶನ್ನಿನ ಪಶ್ಚಿಮಕ್ಕಿಳಿದು ಐದು ನಿಮಿಷ ನಡೆದರೆ ಸಿಗುತ್ತಿದ್ದ ಉಡುಪಿ ಹೋಟೆಲೊಂದರಲ್ಲಿ ಶೇಖರ ಬಂಗೇರ ಮೂವತ್ತಾರು ವರ್ಷ ಕೆಲಸ ಮಾಡಿದ. ಸೇರಿದ್ದು ಟೇಬಲ್ಲಿಗೆ ನೀರು ಕೊಡುವವನಾಗಿ, ಬಿಟ್ಟದ್ದು ಕ್ಯಾಪ್ಟನ್ ಆಗಿ. ಹೋಟೆಲಿನ ಕ್ಯಾಪ್ಟನ್ ಎಂದರೆ ವೇಟರುಗಳಿಗಿಂತ ಮೇಲೆ, ಮ್ಯಾನೇಜರನಿಗಿಂತ ಕೆಳಗೆ, ತನ್ನದೇ ಅಭಿಪ್ರಾಯದಲ್ಲಿ ಧಣಿಗಿಂತಲೂ ಒಂದು ಕೂದಲೆಳೆ ಮೇಲೆ. ಡೊಂಬಿವಲಿ ಪೂರ್ವದ ಅವನ ಕಟ್ಟಡಕ್ಕೆ ಹೊಸದಾಗಿ ಬಂದ ಮರಾಠಿ ಹೆಂಗಸೊಬ್ಬರು, ಎಲ್ಲರೂ ಅವನನ್ನು ಕ್ಯಾಪ್ಟನ್ ಎನ್ನುವುದನ್ನು ಕೇಳಿ ಸೈನ್ಯದವನೇ ಇರಬೇಕೆಂದುಕೊಂಡು, ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸಲು ಕರೆದಿದ್ದರು. ಶೇಖರ ತಿದ್ದಲು ಹೋಗಲಿಲ್ಲ. ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿ, ಹೋಗಿ ಹಾರಿಸಿ, ಕೊಟ್ಟ ಜಿಲೇಬಿ ತಿಂದು ಬಂದ.

ಅವನಿಗೆ ಒಂದು ಸಿದ್ಧಾಂತವಿತ್ತು. ಗಿರಾಕಿಯ ಗ್ಲಾಸು ಖಾಲಿ ಕಾಣಬಾರದು. ಗಿರಾಕಿ ಕುರ್ಚಿ ಎಳೆಯುವ ಮೊದಲು ನೀರು ಬಂದಿರಬೇಕು, ಅರ್ಧಕ್ಕಿಳಿಯುವ ಮೊದಲು ಮತ್ತೆ ತುಂಬಿರಬೇಕು. "ಕೇಳಿದ ಮೇಲೆ ನೀರು ಕೊಡುವವ ವೇಟರ್ ಅಲ್ಲ, ನಲ್ಲಿ," ಎಂದು ಹೊಸ ಹುಡುಗರಿಗೆ ಹೇಳುತ್ತಿದ್ದ. ಇದನ್ನೇ ಲೋಕಲ್ ಟ್ರೇನಿನಲ್ಲಿ, ಮದುವೆ ಮನೆಗಳಲ್ಲಿ, ಒಮ್ಮೆಯಂತೂ ಮುಂಬ್ರಾದ ಹತ್ತಿರ ಗಾಡಿ ನಿಂತು ಮುಕ್ಕಾಲು ಗಂಟೆ ಕೂರಬೇಕಾದಾಗ ಪರಿಚಯವೇ ಇಲ್ಲದ ಎಂಟು ಜನರಿಗೆ ಪೂರ್ತಿಯಾಗಿ ವಿವರಿಸಿದ್ದ. ಹಳೆಯ ಧಣಿ ಒಂದು ದೀಪಾವಳಿಗೆ ಎಲ್ಲರೆದುರು, "ಶೇಖರ ಇದ್ದಲ್ಲಿ ಗ್ಲಾಸು ಖಾಲಿ ಇರುವುದಿಲ್ಲ ಮಾರಾಯ್ರೇ," ಎಂದಿದ್ದರು. ಧಣಿ ಅದನ್ನು ಮರುದಿನವೇ ಮರೆತರು. ಶೇಖರ ಮಾತ್ರ ರಾಜ್ಯೋತ್ಸವ ಪ್ರಶಸ್ತಿಯಂತೆ ಇಪ್ಪತ್ತೆರಡು ವರ್ಷ ಹೊತ್ತು ತಿರುಗಿದ.

ಕೊರೋನಾದಲ್ಲಿ ಮುಚ್ಚಿದ ಹೋಟೆಲು ಮತ್ತೆ ತೆರೆದಾಗ ಮೊಬೈಲ್ ಅಂಗಡಿಯಾಗಿತ್ತು. ಶೇಖರ ಮನೆಯಲ್ಲಿ ಕೂತ. ಮನೆಯಲ್ಲಿ ಹೆಂಡತಿ ವಿನೋದಾ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು; ಅವಳ ದಾರದ ರೀಲುಗಳ ಡಬ್ಬಿಯಲ್ಲಿ ಇನ್ನೂರು ಬಣ್ಣಗಳಿದ್ದವು, ಕತ್ತಲಲ್ಲಿ ಕೈಹಾಕಿದರೂ ಬೇಕಾದ್ದೇ ಬರುತ್ತಿತ್ತು. ಮಗಳು ಸೋನಾಲಿ ಮಹಾಪೆಯ ಒಂದು ಆಫೀಸಿಗೆ ಹೋಗಿ ಬರುತ್ತಿದ್ದಳು. ಅಪ್ಪ ಅಮ್ಮ ಆಡಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಮೂವರಿಗೆ ಸಾಕಾಗುವಷ್ಟು ಮನೆ, ಮೂರನೇ ಮಹಡಿ, ಲಿಫ್ಟ್ ಇಲ್ಲ.

ಲಿಫ್ಟ್ ಇಲ್ಲವೆಂಬುದು ಗೊತ್ತಾದದ್ದು ವಿನೋದಾಳ ಕಾಲು ಬಾತಾಗ. ಮೊದಲು ವಯಸ್ಸು ಅಂದರು, ಆಮೇಲೆ ಬಿ.ಪಿ. ಅಂದರು, ಕೊನೆಗೆ ಎರಡು ಕಿಡ್ನಿಯೂ ಹೋಗಿದೆ ಅಂದರು. ಕಲ್ಯಾಣದ ಡಯಾಲಿಸಿಸ್ ಸೆಂಟರಿನಲ್ಲಿ ವಾರಕ್ಕೆ ಮೂರು ದಿನ, ಸೋಮವಾರ ಬುಧವಾರ ಶುಕ್ರವಾರ. ಡಾಕ್ಟರು ಚೀಟಿ ಬರೆಯುತ್ತ ಹೇಳಿದರು, "ನೀರು ದಿನಕ್ಕೆ ಎಂಟುನೂರು ಎಂ.ಎಲ್. ಚಹಾ, ಸಾರು, ಮಜ್ಜಿಗೆ, ಎಲ್ಲ ಸೇರಿ."

"ಡಾಕ್ಟ್ರೇ, ಎಂಟುನೂರು ಅಂದರೆ ನಮ್ಮ ಹೋಟೆಲಿನ ಮೂರು ಗ್ಲಾಸು," ಎಂದ ಶೇಖರ. ಯಾರೋ ತಿಳಿಯದವರ ತಪ್ಪನ್ನು ನಯವಾಗಿ ಎತ್ತಿ ತೋರಿಸುವವನ ಹಾಗೆ.

"ಹಾಗಾದರೆ ಮೂರು ಗ್ಲಾಸು," ಎಂದರು ಡಾಕ್ಟರು. "ಅವರ ದೇಹದಿಂದ ನೀರು ಹೊರಗೆ ಹೋಗುವುದಿಲ್ಲ. ಕುಡಿದದ್ದೆಲ್ಲ ಒಳಗೇ ನಿಲ್ಲುತ್ತದೆ. ಹೆಚ್ಚಾದರೆ ಶ್ವಾಸಕೋಶಕ್ಕೆ ಏರುತ್ತದೆ."

ಶೇಖರನಿಗೆ ಇದು ಔಷಧದ ಮಾತೆಂದು ಅನಿಸಲಿಲ್ಲ. ತನ್ನ ವೃತ್ತಿಗೆ ಮಾಡಿದ ಅವಮಾನ ಅನಿಸಿತು.

ಸೆಂಟರಿನಲ್ಲಿ ವಿನೋದಾಳ ಪಕ್ಕದ ಹಾಸಿಗೆ ಚಂಪಾಳದು. ವಿಜಯಪುರದ ಕಡೆಯವಳು, ಬದಲಾಪುರದಲ್ಲಿ ಮನೆ. ಅಲ್ಲಿಯ ನರ್ಸರಿಯೊಂದರಲ್ಲಿ ಹದಿನೈದು ವರ್ಷ ಕುಂಡಗಳಿಗೆ ಮಣ್ಣು ತುಂಬಿದವಳು. ಡಯಾಲಿಸಿಸ್ ಶುರುವಾಗಿ ನಾಲ್ಕು ವರ್ಷವಾದದ್ದರಿಂದ ಅವಳು ಅಲ್ಲಿಯ ಹಿರಿಯ ವಿದ್ಯಾರ್ಥಿ. ಮೊದಲ ದಿನ ಸೂಜಿ ಕಂಡು ಬೆವತ ವಿನೋದಾಳಿಗೆ, "ಅಂಜಬ್ಯಾಡ್ರಿ ಅಕ್ಕಾರ," ಎಂದಳು. "ಈ ಮಿಶಿನ್ ನನ್ನ ಗಂಡಗಿಂತ ಚಲೋ ಅದ. ವಾರಕ್ಕ ಮೂರು ಸರ್ತಿ ಕರೀತದ, ಒಮ್ಮಿನೂ ಬೈದಿಲ್ಲ."

ವಿನೋದಾ ನಕ್ಕಳು. ಎರಡು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ಹೊರಗೆ ಬೆಂಚಿನ ಮೇಲಿದ್ದ ಶೇಖರನಿಗೂ ಕೇಳಿಸಿತು.

ಜುಲೈ ತಿಂಗಳ ಒಂದು ಶುಕ್ರವಾರ ಚಂಪಾ ಚಪ್ಪಲಿ ಡಬ್ಬಿಯಲ್ಲಿ ಮೂರು ಪುಟ್ಟ ಕುಂಡಗಳನ್ನು ತಂದುಕೊಟ್ಟಳು. ಆಫ್ರಿಕನ್ ವಯೊಲೆಟ್ ಎಂದು ಹೆಸರು. ಅಂಗೈಯಗಲದ ಗಿಡ, ಬೆಕ್ಕಿನ ಕಿವಿಯಂತೆ ಮೆತ್ತಗೆ ರೋಮವಿರುವ ದುಂಡು ಎಲೆಗಳು. ಮನೆಯೊಳಗೇ, ಬೆಳಕು ಬರುವ ಕಿಟಕಿಯಲ್ಲಿ ಬದುಕುತ್ತದಂತೆ. ಹೂವಿನ ಬಣ್ಣ ಯಾವುದೆಂದು ವಿನೋದಾ ಕೇಳಿದ್ದಕ್ಕೆ, "ಚೀಟಿ ಕಿತ್ತು ಹೋಗ್ಯಾವ್ರಿ. ಅರಳಿದ ಮ್ಯಾಲೆ ತಿಳೀತದ," ಎಂದಳು. ಸೂಜಿ ಚುಚ್ಚುವ ಕೈಯಲ್ಲಿ ಭಾರ ಎತ್ತಬಾರದೆಂದು ವಿನೋದಾಳಿಗೆ ಅಪ್ಪಣೆಯಾಗಿತ್ತು. ಡಬ್ಬಿ ಹಿಡಿದವನು ಶೇಖರ. ಆದ್ದರಿಂದ ಉಪದೇಶವೂ ಅವನಿಗೇ ಆಯಿತು.

"ಅಣ್ಣಾರ, ಮೇಲಿಂದ ನೀರ್ ಹಾಕಬ್ಯಾಡ್ರಿ, ನಡುವ ಕೊಳೀತದ. ತಾಟಿನಾಗ ಒಂಚೂರು ನೀರಿಟ್ಟು ಅದರಾಗ ಕುಂಡ ಕೂಡಸ್ರಿ. ಅರ್ಧಾ ತಾಸಿನಾಗ ಎಷ್ಟ್ ಬೇಕೋ ಅಷ್ಟ್ ತಾನೇ ಕುಡೀತದ. ಉಳಿದದ್ದು ಚೆಲ್ರಿ. ಆಮ್ಯಾಲೆ ಮಣ್ಣು ಬೆರಳಿಗೆ ಒಣಾ ಹತ್ತೂ ತನಕ ಅದರ ಕಡೆ ಹೊಳ್ಳಿ ನೋಡಬ್ಯಾಡ್ರಿ."

ಶೇಖರ ಗಂಭೀರವಾಗಿ ತಲೆಯಾಡಿಸಿದ. ನೀರು ಕೊಡುವುದನ್ನು ತನಗೆ ಹೇಳಿಕೊಡುವವರೂ ಭೂಮಿಯ ಮೇಲೆ ಇದ್ದಾರಲ್ಲ ಎಂದು ಒಳಗೊಳಗೇ ಮರುಗಿದ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ತುಳಸಿಗೆ ನೀರೆರೆದ ಚೊಂಬಿನಲ್ಲಿ ಉಳಿದದ್ದನ್ನು ಮೂರು ಕುಂಡಗಳಿಗೂ ನೆತ್ತಿಯ ಮೇಲೆಯೇ ಎರೆದ. ಮಧ್ಯಾಹ್ನ ನೋಡಿದಾಗ ಮಣ್ಣು ಸ್ವಲ್ಪ ಬಿಳಿಚಿಕೊಂಡಂತೆ ಕಂಡಿತು. ಅರ್ಧಕ್ಕಿಳಿದ ಗ್ಲಾಸಿನ ಹಾಗೆ. ಮತ್ತೆ ಹಾಕಿದ. ಸಂಜೆ ದೀಪ ಹಚ್ಚುವಾಗ ಇನ್ನೊಂದು ಗುಟುಕು. ಮಳೆಗಾಲ ಬೇರೆ, ಕಿಟಕಿಯಲ್ಲಿ ಬಟ್ಟೆಯೇ ಒಣಗುತ್ತಿರಲಿಲ್ಲ. ಹತ್ತನೆಯ ದಿನ ಒಂದು ಗಿಡದ ಎಲೆಗಳು ಜೋತು ಬಿದ್ದವು.

"ನೋಡು, ಬಾಯಾರಿದೆ ಪಾಪ," ಎಂದು ಶೇಖರ ಓಡಿ ಹೋಗಿ ನೀರು ತಂದ. ನಾಲ್ಕು ದಿನದಲ್ಲಿ ಅದರ ನಡು ಕಂದುಬಣ್ಣಕ್ಕೆ ತಿರುಗಿ ಲೋಳೆಯಾಯಿತು. ಎರಡನೆಯದಕ್ಕೂ ಹಾಗೆಯೇ ಬಾಯಾರಿತು; ಅದಕ್ಕೆ ಇನ್ನೂ ಹೆಚ್ಚು ಶ್ರದ್ಧೆಯಿಂದ ಕುಡಿಸಿದ. ಅದು ಇನ್ನೂ ಬೇಗ ಸತ್ತಿತು. ಬದಲಾಪುರದ ಮಣ್ಣೇ ಸರಿಯಿಲ್ಲ ಎಂದು ಕಟ್ಟಡದ ವಾಚ್‌ಮನ್ ಮುರಾರಿಗೆ ತೀರ್ಪು ಹೇಳಿದ.

ಕುಂಡಗಳದ್ದು ಹೀಗಾದರೆ ಅದೇ ಮನೆಯಲ್ಲಿ ಅದೇ ಕೈಯಿಂದ ಇನ್ನೊಂದೂ ನಡೆಯುತ್ತಿತ್ತು. ವಿನೋದಾಳ ಬಾಯಿ ಒಣಗುತ್ತಿತ್ತು. ಡಯಾಲಿಸಿಸ್ ಮುಗಿಸಿ ಬಂದು, ಒಂದೊಂದು ಮಹಡಿಯ ಮೆಟ್ಟಿಲ ಕೊನೆಗೂ ಕೂತು ಎದ್ದು, ಮನೆ ಮುಟ್ಟಿದ ಮೇಲೆ ಅವಳು ಕೇಳುತ್ತಿದ್ದದ್ದು ಒಂದೇ. "ಹೋಯ್, ಒಂದು ಗುಟುಕು."

ಇಲ್ಲ ಎನ್ನುವುದಕ್ಕೆ ಶೇಖರನ ನಾಲಿಗೆಗೆ ಅಭ್ಯಾಸವೇ ಇರಲಿಲ್ಲ. ಸೋನಾಲಿ ಆಫೀಸಿನಿಂದ ಬರುವ ಮೊದಲು ಅರ್ಧ ಗ್ಲಾಸು ಪುನರ್ಪುಳಿ ಶರಬತ್ತು, ಒಮ್ಮೊಮ್ಮೆ ಶುಂಠಿ ಹಾಕಿದ ನೀರುಮಜ್ಜಿಗೆ. ಸೆಂಟರಿನ ಟೆಕ್ನೀಶಿಯನ್ ಅನೀಶ ತೂಕದ ಯಂತ್ರದ ಮೇಲೆ ನಿಲ್ಲಿಸಿ, "ಕಾಕೂ, ಮೂರು ಕಿಲೋ ಎಂಟುನೂರು! ಎರಡು ದಿನದಲ್ಲಿ! ಏನು ಕುಡಿದ್ರಿ?" ಎಂದು ಬೈಯುತ್ತಿದ್ದ.

"ಕುಡಿಯಲಿಲ್ಲಪ್ಪ. ಕಲ್ಲಂಗಡಿ ತಿಂದೆ," ಎನ್ನುತ್ತಿದ್ದಳು ವಿನೋದಾ. ಗಂಡನ ಕಡೆ ನೋಡುತ್ತಲೂ ಇರಲಿಲ್ಲ.

ಗಣಪತಿ ಹಬ್ಬ ಕಳೆದ ಭಾನುವಾರ ಶೇಖರ ಮಾರ್ಕೆಟ್ಟಿನಿಂದ ಒಂದು ಬೊಂಡ, ಅಂದರೆ ಎಳನೀರು, ತಂದ. ಕರಾವಳಿಯವರಿಗೆ ಬೊಂಡದ ಮೇಲಿರುವ ನಂಬಿಕೆ ಧನ್ವಂತರಿಯ ಮೇಲೂ ಇರಲಾರದು. ಜ್ವರಕ್ಕೆ ಬೊಂಡ, ಬಾಣಂತಿಗೆ ಬೊಂಡ, ಆಪರೇಶನ್ ಆದವನಿಗೆ ಬೊಂಡ, ಸಾಯುವವನಿಗೂ ಮೊದಲು ಬೊಂಡ, ಆಮೇಲೆ ಗಂಗೆ. ನೀರು ಬೇಡ ಅಂದದ್ದು ಡಾಕ್ಟರು. ಬೊಂಡ ನೀರೇ ಅಲ್ಲವಲ್ಲ, ಮದ್ದು. ಸೋನಾಲಿ ಗೆಳತಿಯ ಮನೆಗೆ ಹೋಗಿದ್ದಳು. ವಿನೋದಾ ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದಳು. ಕುಡಿದು ಕಣ್ಣು ಮುಚ್ಚಿ ಕೂತವಳ ಮುಖ ನೋಡಿ ಶೇಖರನಿಗೆ ಧಣಿಯ ಮಾತು ನೆನಪಾಯಿತು.

ಮೂರು ಗಂಟೆಗೆ ಅವಳಿಗೆ ಮಲಗಲು ಆಗಲಿಲ್ಲ. ನಾಲ್ಕಕ್ಕೆ ಕೂರಲೂ ಆಗಲಿಲ್ಲ. ಉಸಿರು ಗೊರಗೊರ ಎನ್ನುತ್ತಿತ್ತು. ಶೇಖರ ಮತ್ತು ಮುರಾರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದರು. ಕಲ್ಯಾಣದ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಕೊಟ್ಟು, ಆ ಕೂಡಲೇ ಮಿಶಿನ್ನಿಗೆ ಹಾಕಿದರು. ಬೊಂಡದಲ್ಲಿರುವ ಪೊಟ್ಯಾಶಿಯಂ ಎಂಬುದು ಇಂಥವರ ಹೃದಯಕ್ಕೆ ವಿಷ ಎಂದು ಎಳೆಯ ಡಾಕ್ಟರೊಬ್ಬಳು ಹೇಳಿದಳು.

ಸೋನಾಲಿ ಓಡಿ ಬಂದಳು. "ಪಪ್ಪಾ, ಕ್ಯಾ ಪಿಲಾಯಾ?"

"ಬೊಂಡ."

ಅವಳು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಅಪ್ಪನಿಗೆ ಬೆನ್ನು ಹಾಕಿ ಬೆಂಚಿನ ಆ ತುದಿಯಲ್ಲಿ ಕೂತಳು. ಅಷ್ಟು ಉದ್ದದ ಬೆಂಚಿನಲ್ಲಿ ಇಬ್ಬರೇ ಇದ್ದರು.

ವಿನೋದಾ ಉಳಿದಳು. ಐದನೆಯ ದಿನ ಮನೆಗೆ ಬಂದಾಗ ಮೂರನೆಯ ವಯೊಲೆಟ್ಟೂ ಜೋತು ಬಿದ್ದಿತ್ತು. ಶೇಖರ ನೀರು ತರಲು ಹೋದವನು ಅಡುಗೆ ಕೋಣೆಯ ಬಾಗಿಲಲ್ಲೇ ನಿಂತ. ಮರುದಿನ ಆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಟ್ರೇನಿನಲ್ಲಿ ಕಲ್ಯಾಣಕ್ಕೆ ಹೋದ.

ಚಂಪಾ ಸೂಜಿಯಿಲ್ಲದ ಕೈಯಿಂದ ಕುಂಡವನ್ನು ಬೋರಲು ಹಾಕಿ ತಟ್ಟಿದಳು. ಮಣ್ಣಿನ ಮುದ್ದೆ ಹೊರಗೆ ಬಂತು. ಬೇರು ಕಪ್ಪಾಗಿತ್ತು, ಬೆರಳಿಗೆ ಅಂಟಿ ಬಂತು, ಗಟಾರದ ವಾಸನೆ.

"ಅಣ್ಣಾರ, ಇದು ನೀರಿಲ್ಲದಕ್ಕ ಬಾಡಿದ್ದಲ್ರಿ. ಮುಳುಗ್ಯದ. ಕೊಳತ ಬೇರಿಗಿ ನೀರ್ ಎಳಿಯಾಕ ಬರಂಗಿಲ್ಲ, ಅದಕ್ಕ ಎಲಿ ಜೋತು ಬೀಳ್ತಾವ. ಮೇಲಿಂದ ನೋಡಿದ್ರ ಬಾಯಾರಿದ್ದೂ ಮುಳುಗಿದ್ದೂ ಒಂದ ಥರ ಕಾಣ್ತದ."

ಶೇಖರ ಪಕ್ಕದ ಹಾಸಿಗೆಯ ಕಡೆ ತಿರುಗಿದ. ಅಲ್ಲಿ ವಿನೋದಾ ಕಣ್ಣು ಮುಚ್ಚಿ ಮಲಗಿದ್ದಳು.

"ಹೊಡಿಯೋ ಇವ್ರನ್ನ, ಮೂರು ಕೊಲಿ ಮಾಡ್ಯಾರ," ಎಂದು ಅನೀಶನಿಗೆ ಹೇಳಿ ಚಂಪಾ ನಕ್ಕಳು. ಶೇಖರನ ಮುಖ ನೋಡಿ ನಗು ನಿಲ್ಲಿಸಿ, "ಕತ್ತರಿ ಕೊಡೋ ತಮ್ಮಾ," ಎಂದಳು. ಬ್ಯಾಂಡೇಜಿನ ಕತ್ತರಿಯಿಂದ ಗಟ್ಟಿಯಾಗಿದ್ದ ಒಂದೇ ಒಂದು ಎಲೆಯನ್ನು ತೊಟ್ಟು ಸಮೇತ ಓರೆಯಾಗಿ ಕತ್ತರಿಸಿದಳು. "ತೆಂಗಿನ ನಾರಿನ ಪುಡಿಯಾಗ ನಡ್ರಿ. ಒಂದ ಎಲಿಯಿಂದ ಗಿಡ ಆಗ್ತದ. ತಿಂಗಳಗಟ್ಲೆ ಹಿಡೀತದ. ನೀವು ಮಾಡೂದ್ ಏನಂದ್ರ, ಏನೂ ಮಾಡಬ್ಯಾಡ್ರಿ."

ಏನೂ ಮಾಡದಿರುವುದನ್ನು ಕಲಿಯಲು ಶೇಖರ ಅರವತ್ತೆರಡನೆಯ ವಯಸ್ಸಿನಲ್ಲಿ ಕೂತ. ಮೊಸರಿನ ಖಾಲಿ ಕಪ್ಪಿನಲ್ಲಿ ಎಲೆ ನೆಟ್ಟ. ಸೋನಾಲಿ ಅಮ್ಮನ ಸ್ಟೀಲ್ ಗ್ಲಾಸಿಗೆ ನೂರು ಎಂ.ಎಲ್. ನೀರು ಅಳೆದು ಹಾಕಿ, ಅದು ನಿಂತ ಮಟ್ಟಕ್ಕೆ ಒಳಗಡೆ ತನ್ನ ಕೆಂಪು ನೇಲ್‌ಪಾಲಿಶಿನಿಂದ ಗೆರೆ ಎಳೆದಳು. ದಿನಕ್ಕೆ ಎಂಟು ಗೆರೆ. ಗ್ಲಾಸನ್ನು ಅಪ್ಪನ ಕೈಯಲ್ಲಿಟ್ಟು ಕಣ್ಣಲ್ಲಿ ಕಣ್ಣಿಟ್ಟು, "ಆಪ್ ದೋಗೇ. ಸಿರ್ಫ್ ಆಪ್," ಎಂದಳು; ಇನ್ನು ನೀರು ಕೊಡುವುದು ಅವನೊಬ್ಬನೇ. ಆಸ್ಪತ್ರೆಯ ನಂತರ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

ಹೊಸದಾಗಿ ಮತಕ್ಕೆ ಸೇರಿದವನ ಹುರುಪೇ ಬೇರೆ. ಎರಡೇ ತಿಂಗಳಲ್ಲಿ ಶೇಖರ ಬರಗಾಲದ ಪ್ರವಾದಿಯಾದ. ತುಳಸಿಯ ಮಣ್ಣಿಗೂ ಬೆರಳು ಒತ್ತಿ ನೋಡತೊಡಗಿದ. ಕೆಳಗಿನ ಮನೆಯವರು ಕ್ರೋಟನ್ನಿಗೆ ಪೈಪು ಹಿಡಿದರೆ ಮೂರನೇ ಮಹಡಿಯಿಂದ, "ಕೊಲ್ಲಬೇಡಿ ಅದನ್ನು!" ಎಂದು ಕೂಗುತ್ತಿದ್ದ. ಹಳೆಯ ಸಹೋದ್ಯೋಗಿ ಜಯಶೀಲ ಮಾತಾಡಿಸಲು ಬಂದಾಗ ಅರ್ಧ ಗ್ಲಾಸು ನೀರು ತಂದಿಟ್ಟ. ಜಯಶೀಲ ಗ್ಲಾಸಿನೊಳಗೆ ಇಣುಕಿ, "ಏನು ಕ್ಯಾಪ್ಟನ್, ನೀರೂ ಕಟಿಂಗಾ?" ಎಂದ. ಅರ್ಧ ಚಹಾವನ್ನು ಕಟಿಂಗ್ ಎನ್ನುವ ಊರಿನಲ್ಲೂ ಅರ್ಧ ನೀರನ್ನು ಯಾರೂ ಕಂಡಿರಲಿಲ್ಲ.

ಒಳಗಿನಿಂದ ವಿನೋದಾ, "ಇವರು ಮೂವತ್ತಾರು ವರ್ಷ ಠಾಣೆಗಿಡೀ ಕುಡಿಸಿ ಮುಗಿಸಿದ್ದಾರೆ ಜಯಶೀಲಣ್ಣ. ನನ್ನ ಸರದಿ ಬರುವಾಗ ನೀರು ಖರ್ಚಾಗಿದೆ," ಎಂದಳು.

ಅವಳು ಗೆರೆಯ ಜೊತೆ ಚೌಕಾಸಿ ಮಾಡಲು ಕಲಿತಳು. "ಇವತ್ತು ಸಾರು ಬೇಡ, ಆ ನೀರು ನೀರಾಗಿಯೇ ಕೊಡಿ." "ಬೆಳಗಿನ ಚಹಾ ಅರ್ಧ ಉಳಿಸಿದ್ದೇನೆ, ಮಧ್ಯಾಹ್ನಕ್ಕೆ ಸೇರಿಸಿ." ಶೇಖರ ಅವಳಿಗಾಗಿ ಚಿಕ್ಕ ಚಿಕ್ಕ ಐಸ್ ಮಾಡಿಟ್ಟ. ಒಂದನ್ನು ಬಾಯಲ್ಲಿಟ್ಟರೆ ಹತ್ತು ನಿಮಿಷ ಬರುತ್ತಿತ್ತು. ಅವಳೆದುರು ತಾನು ನೀರು ಕುಡಿಯುವುದನ್ನು ಬಿಟ್ಟ. ಬಾಯಾರಿದರೆ, ಹಾಲು ತರುವ ನೆಪದಲ್ಲಿ ಮೂರು ಮಹಡಿ ಇಳಿದು ಮುರಾರಿಯ ಗೂಡಿಗೆ ಹೋಗಿ, ಅವನ ಬಾಟಲಿಯಿಂದ ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಹತ್ತುತ್ತಿದ್ದ. ಅವಳಿಗೆ ಇದು ಗೊತ್ತಿತ್ತು. "ಹಾಲು ಸಿಕ್ಕಿತಾ?" ಎಂದು ಕೇಳುತ್ತಿದ್ದಳು, ಖಾಲಿ ಕೈ ನೋಡಿ.

ತೂಕ ಇಳಿಯಿತು. ಅನೀಶ ಬೈಯುವುದನ್ನು ನಿಲ್ಲಿಸಿದ. ದೀಪಾವಳಿ ಮುಗಿದ ವಾರ ಪಕ್ಕದ ಹಾಸಿಗೆಯಲ್ಲಿ ಪೇಪರ್ ಓದುವ ದಪ್ಪ ಮನುಷ್ಯನೊಬ್ಬ ಮಲಗಿದ್ದ. ಚಂಪಾ ಬೇರೆ ಹೊತ್ತಿಗೆ ಬರುತ್ತಾಳೇನೋ ಎಂದು ವಿನೋದಾ ಕೇಳಿದಳು. ಅನೀಶ ಮಿಶಿನ್ನಿನ ಗುಂಡಿಗಳನ್ನೇ ನೋಡುತ್ತ, "ಇನ್ನು ಬರೋದಿಲ್ಲ ಕಾಕೂ," ಎಂದ. ಆ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಆ ದಿನ ಸಂಜೆ ವಿನೋದಾ ತನ್ನ ಪಾಲಿನ ಎರಡು ಗೆರೆ ನೀರನ್ನು ಕುಡಿಯದೆಯೇ ಬಿಟ್ಟಳು. ಶೇಖರ ಒತ್ತಾಯಿಸಿದ. ಬೇಡ ಎಂದಳು.

ಮೊಸರಿನ ಕಪ್ಪಿನಲ್ಲಿ ಎಲೆಯ ಬುಡಕ್ಕೆ ಇಲಿಮರಿಯ ಕಿವಿಯಷ್ಟು ದೊಡ್ಡ ಎರಡು ಚಿಗುರು ಬಂದದ್ದು ಆ ತಿಂಗಳಲ್ಲೇ. ಶೇಖರ ಅದನ್ನು ಮುಟ್ಟಲೂ ಇಲ್ಲ. ತಟ್ಟೆಯಲ್ಲಿ ಅರ್ಧ ಗಂಟೆ, ಉಳಿದದ್ದನ್ನು ಚೆಲ್ಲುವುದು, ಬೆರಳಿಟ್ಟು ನೋಡುವುದು. ಮಾರ್ಚಿನಲ್ಲಿ ಕುಂಡಕ್ಕೆ ಬದಲಿಸಿದ. ಜೂನ್ ಕೊನೆಗೆ, ಮೊದಲ ಮಳೆ ಬಿದ್ದ ವಾರ, ಎಲೆಗಳ ನಡುವಿನಿಂದ ಮೊಗ್ಗಿನ ಕತ್ತು ಮೇಲೆದ್ದಿತು.

ಹೂ ಅರಳಿದ ದಿನ ಶೇಖರ ಕುಂಡವನ್ನು ಊದಿನಕಡ್ಡಿಯ ತಟ್ಟೆಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು, ಹೋಟೆಲಿನಲ್ಲಿ ಮಂತ್ರಿಗಳ ಮನೆಯವರಿಗೆ ಬೆಣ್ಣೆ ದೋಸೆ ಒಯ್ದ ಠೀವಿಯಲ್ಲಿ ವಿನೋದಾಳ ಮುಂದೆ ತಂದ. ಅವಳು ಕನ್ನಡಕ ಹಾಕಿ ಬಗ್ಗಿ ನೋಡಿದಳು. ದಾರದ ಡಬ್ಬಿ ತರಿಸಿ, ಕೈಹಾಕಿ ಒಂದು ರೀಲು ತೆಗೆದು ಹೂವಿನ ಪಕ್ಕ ಹಿಡಿದಳು. ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಮಾಸಿದ ನೇರಳೆ.

"ಹನ್ನೊಂದು ವರ್ಷದಿಂದ ಈ ರೀಲು ಹೀಗೇ ಉಂಟು," ಎಂದಳು. "ಈ ಬಣ್ಣದ ಸೀರೆ ಯಾರೂ ಉಡುವುದಿಲ್ಲ."

"ಇಷ್ಟಕ್ಕಾ ವರ್ಷ ಕಾದದ್ದು!" ಎಂದ ಶೇಖರ.

ಇಬ್ಬರೂ ನಕ್ಕರು. ನಗುತ್ತ ನಗುತ್ತ ವಿನೋದಾ, "ಚಂಪಾಳಿಗೆ ಹೇಳಬೇಕಿತ್ತು," ಎಂದು ರೀಲನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.

ಅಕ್ಟೋಬರ್ ಬಂತು. ಮಳೆ ನಿಂತ ಮೇಲೆ ಇಲ್ಲಿ ಒಂದು ತಿಂಗಳು ಬೇಸಿಗೆ ಹಿಂದಿರುಗಿ ಬರುತ್ತದೆ, ಏನೋ ಮರೆತು ಹೋದವನ ಹಾಗೆ. ಭಾನುವಾರ ಎಂದರೆ ವಿನೋದಾಳಿಗೆ ಕಷ್ಟದ ದಿನ. ಶುಕ್ರವಾರ ಮಿಶಿನ್ನಿನಿಂದ ಇಳಿದರೆ ಮತ್ತೆ ಸೋಮವಾರವೇ. ಆ ಭಾನುವಾರ ಫ್ಯಾನಿನ ಗಾಳಿಯೂ ಬಿಸಿಯಾಗಿತ್ತು. ಸಂಜೆ ಐದಕ್ಕೇ ಎಂಟೂ ಗೆರೆ ಮುಗಿದವು. ಐಸೂ ಲೆಕ್ಕಕ್ಕೆ ಸೇರಿತ್ತು. ಏಳು ಗಂಟೆಗೆ, ಸೋನಾಲಿ ಮಾತ್ರೆ ತರಲು ಕೆಳಗೆ ಹೋಗಿದ್ದಾಗ, ಅವಳು ಕರೆದಳು.

"ಹೋಯ್. ಒಂದು ಗುಟುಕು."

"ಮುಗಿಯಿತು ಮಾರಾಯ್ತಿ. ಬಾಯಿ ಮುಕ್ಕಳಿಸಿ ಉಗುಳು, ತರುತ್ತೇನೆ."

"ಉಗುಳುವುದು ಬೇಡ. ನುಂಗಬೇಕು ನನಗೆ."

"ವಿನೋದಾ."

"ಗೆರೆಯವರೆಗೂ ಬೇಡ. ಅರ್ಧ ಗೆರೆ."

ಶೇಖರ ಅಡುಗೆ ಕೋಣೆಗೆ ಹೋದ. ಗ್ಲಾಸು ತೆಗೆದ. ಮಡಕೆಯ ಮುಚ್ಚಳ ತೆಗೆದ. ಒಳಗೆ ತಣ್ಣನೆಯ ನೀರಿನ ವಾಸನೆ. ಅವನಿಗೆ ಗೊರಗೊರ ಉಸಿರು ಕೇಳಿಸಿತು, ಬೆಂಚಿನ ತುದಿಯಲ್ಲಿ ಬೆನ್ನು ಹಾಕಿ ಕೂತ ಮಗಳು ಕಂಡಳು, ಬೆರಳಿಗಂಟಿದ ಕಪ್ಪು ಬೇರು ಕಂಡಿತು. ಮುಚ್ಚಳ ಹಾಕಿ, ಖಾಲಿ ಗ್ಲಾಸಿನೊಡನೆ ಹೊರಗೆ ಬಂದ.

"ನಾಳೆ ಬೆಳಿಗ್ಗೆ ಎದ್ದ ಕೂಡಲೆ ಮೊದಲ ಗ್ಲಾಸು. ಆಯ್ತಾ? ಎಂಟು ಗಂಟೆಗೆ ಮಿಶಿನ್. ಒಂದು ರಾತ್ರಿ."

ವಿನೋದಾ ಅವನನ್ನು ನೋಡಿದಳು. ಕೋಪವಿರಲಿಲ್ಲ. "ಭಾರೀ ಕಲಿತಿರಿ ನೀವು," ಎಂದು ಅವನ ಕೈಯಿಂದ ಗ್ಲಾಸು ತೆಗೆದು, ಮಂಚದ ಪಕ್ಕದ ಸ್ಟೂಲಿನ ಮೇಲೆ ಬೋರಲು ಹಾಕಿ, ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಐದೂವರೆಗೆ ಶೇಖರ ಆ ಗ್ಲಾಸನ್ನು ತೊಳೆದು, ಗೆರೆಯವರೆಗೆ ನೀರು ತುಂಬಿ ತಂದ. ಮಾತು ಉಳಿಸಿಕೊಂಡವನ ಹೆಮ್ಮೆಯೂ ಸ್ವಲ್ಪ ಇತ್ತು. "ಏಳು, ಮೊದಲ ಗ್ಲಾಸು," ಎಂದ. ಇನ್ನೊಮ್ಮೆ ಹೇಳಿದ. ಭುಜ ಮುಟ್ಟಿದ. ಭುಜ ತಣ್ಣಗಿತ್ತು.

ಹೃದಯ ನಿಂತಿದೆ ಎಂದರು ಡಾಕ್ಟರು. ಇಂಥವರಿಗೆ ಸೋಮವಾರ ಬೆಳಿಗ್ಗೆ ಹೀಗಾಗುವುದು ಹೆಚ್ಚು, ನಡುವೆ ಎರಡು ದಿನ ಖಾಲಿ ಇರುತ್ತದಲ್ಲ ಎಂದರು. ಶೇಖರ ಭಾನುವಾರ ಸಂಜೆಯದನ್ನು ಹೇಳಿದ. "ನೀವು ಮಾಡಿದ್ದು ಸರಿ. ಕೊಡಬಾರದಿತ್ತು, ಕೊಡಲಿಲ್ಲ," ಎಂದರು ಡಾಕ್ಟರು. ಸೋನಾಲಿ ಅವನ ತೋಳು ಹಿಡಿದು ಅದನ್ನೇ ಹೇಳಿದಳು. ಸೆಂಟರಿನಿಂದ ಬಂದ ಅನೀಶನೂ ಹೇಳಿದ. ಶೇಖರ ಒಬ್ಬೊಬ್ಬರ ಮುಖವನ್ನೂ ನೋಡಿದ. ಬೊಂಡ ಕುಡಿಸಿದ ದಿನ ಅವಳು ಬದುಕಿದ್ದಳು. ನೀರು ಕೊಡದ ದಿನ ಹೋದಳು. ತಪ್ಪು ಎಂದು ಬೈಯುವವರು ಒಬ್ಬರಾದರೂ ಸಿಕ್ಕಿದ್ದರೆ ಅವರ ಕಾಲು ಹಿಡಿಯುತ್ತಿದ್ದನೇನೋ. ಯಾರೂ ಸಿಗಲಿಲ್ಲ.

ಬಾಯಿಗೆ ತುಳಸಿ ನೀರು ಬಿಡಲು ಗಂಡನನ್ನು ಮೊದಲು ಕರೆದರು. ಚಮಚ ಕೈಗೆ ಕೊಟ್ಟಾಗ ಶೇಖರ, "ಎಷ್ಟು?" ಎಂದು ಕೇಳಿದ. ಕ್ರಿಯೆ ನಡೆಸುತ್ತಿದ್ದ ಹಿರಿಯರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಎಷ್ಟಾದರೂ ಬಿಡು ಮಗಾ," ಎಂದರು.

ಹದಿಮೂರನೆಯ ದಿನ ಹೋದವರಿಗೆ ಬಡಿಸುವ ಕ್ರಮ. ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಪಕ್ಕದಲ್ಲಿ ನೀರಿಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುತ್ತಾರೆ. ಸೋನಾಲಿ ಅಮ್ಮನ ಇಷ್ಟದ ಪಟ್ಟಿ ಮಾಡಿದ್ದಳು. ನೀರುದೋಸೆ, ಕೋಳಿ ಗಸಿ, ಬಾಳೆಹಣ್ಣು, ಬಟಾಟೆ ಪಲ್ಯ, ಟೊಮೆಟೊ ಸಾರು, ಬೊಂಡ. ಎಲೆ ತುಂಬಿದ ಮೇಲೆ ಶೇಖರ ನೋಡಿದ. ಸೆಂಟರಿನ ಗೋಡೆಯಲ್ಲಿ ತಿನ್ನಬಾರದವುಗಳ ಚಿತ್ರಪಟವೊಂದಿತ್ತು. ಅದನ್ನೇ ಕೆಳಗಿಳಿಸಿ ಬಡಿಸಿದ ಹಾಗಿತ್ತು.

ಗ್ಲಾಸು ಅವಳದ್ದೇ. ಶೇಖರ ಕೂತು ನೀರು ಹಾಕಿದ. ಕೆಂಪು ಗೆರೆ ಮುಟ್ಟಿದ ಕೂಡಲೆ ಜಗ್ಗು ತಾ‌ನಾಗಿ ಮೇಲೆದ್ದಿತು.

"ಪಪ್ಪಾ," ಎಂದಳು ಸೋನಾಲಿ. ಅವಳಿಗೆ ಹಿಂದಿ ಬಾಯಿಗೆ ಬರಲಿಲ್ಲವೋ ಏನೋ, ಅಮ್ಮನ ಧಾಟಿಯಲ್ಲೇ, "ಪೂರ್ತಿ ತುಂಬಿಸಿ," ಎಂದಳು.

ಶೇಖರ ಜಗ್ಗು ಬಗ್ಗಿಸಿದ. ನೀರು ಗೆರೆ ದಾಟಿತು. ಗೆರೆ ಮುಳುಗಿದ ಮೇಲೂ ಅಡಿಯಲ್ಲಿ ಕೆಂಪಗೆ ಕಾಣುತ್ತಿತ್ತು. ಗ್ಲಾಸು ತುಂಬಿ ಬಾಳೆಲೆಯ ಅಂಚಿಗೆ ನಾಲ್ಕು ಹನಿ ಚೆಲ್ಲಿತು.

ಎಲ್ಲರೂ ಹೊರಗೆ ಪ್ಯಾಸೇಜಿನಲ್ಲಿ ಚಪ್ಪಲಿಗಳ ನಡುವೆ ನಿಂತರು. ಯಾರದೋ ಮನೆಯ ಕುಕ್ಕರು ಕೂಗಿತು. ಜಯಶೀಲ ಬೈಕು ನಿಲ್ಲಿಸಲು ಜಾಗವಿಲ್ಲದ ಬಗ್ಗೆ ಮುರಾರಿಗೆ ಪಿಸುಗುಟ್ಟುತ್ತಿದ್ದ. ಹಿರಿಯರು ಮೂರು ಸಲ ಬಾಗಿಲು ತಟ್ಟಿ ತೆರೆದರು. ಎಲೆ ಇದ್ದ ಹಾಗೇ ಇತ್ತು. ಗ್ಲಾಸು ಕಂಠದವರೆಗೆ ತುಂಬಿ ನಿಂತಿತ್ತು, ಮೇಲೆ ಒಂದು ಸಣ್ಣ ನೊಣ ತೇಲುತ್ತಿತ್ತು.

ಶೇಖರ ಕಿಟಕಿಯ ಬಳಿ ಹೋಗಿ ವಯೊಲೆಟ್ಟಿನ ಮಣ್ಣಿಗೆ ಬೆರಳು ಒತ್ತಿದ. ಇನ್ನೂ ತೇವವಿತ್ತು. ನಾಳಿದ್ದಿನವರೆಗೆ ಬೇಡ.

ಅಷ್ಟರಲ್ಲಿ ಹೊರಕೋಣೆಯಲ್ಲಿ ಎಲೆ ಹಾಕಿ ಜನ ಸಾಲಾಗಿ ಕೂತಿದ್ದರು. ಬಡಿಸುವವರಿಗೆಲ್ಲ ಕೆಲಸ ಹಂಚಿದ್ದ ಜಯಶೀಲ, "ನೀರು ಕ್ಯಾಪ್ಟನ್‌ಗೆ ಬಿಟ್ಟದ್ದು, ಬೇರೆ ಯಾರೂ ಮುಟ್ಟಬೇಡಿ," ಎಂದ. ಸುಮ್ಮನೆ ಕೂತರೆ ಅವನಿಗೆ ಕಷ್ಟ ಎಂಬ ಒಳ್ಳೆಯ ಉದ್ದೇಶದಿಂದಲೇ.

ಶೇಖರ ಜಗ್ಗು ಎತ್ತಿಕೊಂಡು ಸಾಲಿನ ಮೊದಲಿಗೆ ಹೋಗಿ ಬಗ್ಗಿದ. ಕಾಗದದ ಗ್ಲಾಸು. ಅದರಲ್ಲಿ ಗೆರೆ ಇರಲಿಲ್ಲ. ಎರಡು ಬೆರಳು ನೀರು ಬಿದ್ದ ಕೂಡಲೆ ಕೈ ನಿಂತಿತು. ಉಣ್ಣಲು ಕೂತವರು ಗ್ಲಾಸನ್ನೂ ಅವನನ್ನೂ ನೋಡಿದರು.

ಶೇಖರ ಇನ್ನೊಮ್ಮೆ ಜಗ್ಗು ಬಗ್ಗಿಸಲು ನೋಡಿದ. ಆಗಲಿಲ್ಲ. ಮುಂದಿನ ಎಲೆಗೆ ಸರಿದ. ಅಲ್ಲಿಯೂ ಅಷ್ಟೇ ಹಾಕಿದ.